ಬೇಲಿ ಇಲ್ಲದ ಹೊಲ

ಇಂಗ್ಲೆಂಡಿನಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಹಳ್ಳಿ. ಅಲ್ಲಿ ಮೂರು ದೊಡ್ಡ ಹೊಲಗಳಿವೆ. ಒಂದೊಂದು ಹೊಲದಲ್ಲೂ ಹಲವು ರೈತರ ತಾಕುಗಳಿವೆ. ನಡುವೆ ಬೇಲಿ ಇಲ್ಲ.

ಒಂದು ಹೊಲದಲ್ಲಿ ಗೋಧಿ. ಇನ್ನೊಂದರಲ್ಲಿ ಬೇರೆ ಬೆಳೆ. ಮೂರನೆಯದರಲ್ಲಿ ಹುಲ್ಲು, ಇಲ್ಲವೇ ಬೀಳು. ಮರುವರ್ಷ ಸರದಿ ಬದಲು. ಇದರಿಂದ ಮಣ್ಣಿನ ಸಾರ ಉಳಿಯುತ್ತದೆ.

ಬೇಲಿ ಇಲ್ಲದಿದ್ದರೆ ಪಕ್ಕದವರ ಜಾಗ ಒತ್ತೋದಿಲ್ವಾ? ಒತ್ತೋರೂ ಇರ್ತಾರೆ. ಅದಕ್ಕೇ ಊರಿಗೆ ಒಂದು ನ್ಯಾಯಸಭೆ ಇದೆ. ಊರಿನ ರೈತರೇ ಪಂಚರು. ನವೆಂಬರ್ ಕೊನೆಯಲ್ಲಿ ಅವರು ಗೋಧಿ ಹೊಲ ಸುತ್ತುತ್ತಾರೆ. ಗಡಿಗೆ ಗೂಟ ಹೊಡೆಯುತ್ತಾರೆ. ಪಕ್ಕದ ತಾಕು ಯಾರು ಉತ್ತರು? ಊರ ಹುಲ್ಲಿನ ಜಾಗ ಯಾರು ಉತ್ತರು? ಎಲ್ಲ ನೋಡುತ್ತಾರೆ. ಆಮೇಲೆ ಒಟ್ಟಿಗೆ ಊಟ. ವಾರದ ನಂತರ ಸಭೆ. ತಪ್ಪು ಮಾಡಿದವರು ದಂಡ ಕಟ್ಟಬೇಕು.

ಹಿಂದೆ ಇಂಗ್ಲೆಂಡಿನ ಎಷ್ಟೋ ಊರುಗಳಲ್ಲಿ ಇಂಥ ಹೊಲ ಇದ್ದವು. ಸುಮಾರು 200 ವರ್ಷಗಳ ಹಿಂದೆ ಕಾನೂನು ಮಾಡಿ ಬೇಲಿ ಹಾಕಿದರು. ದೊಡ್ಡ ಜಮೀನುದಾರರಿಗೆ ಲಾಭವಾಯಿತು. ಎಷ್ಟೋ ಬಡವರ ದನಕ್ಕೆ ಮೇವು ತಪ್ಪಿತು. ಲ್ಯಾಕ್ಸ್‌ಟನ್ನಿನ ಹೊಲ ಉಳಿಯಿತು. ಕಾಯುವ ಕೆಲಸ ಈಗಲೂ ಊರಿನವರದೇ.

ಓದಿ, ಬರೆಯಿರಿ: ಗಡಿ, ಗೂಟ, ಗೋಧಿ, ಗೋಮಾಳ.

ಮಾತಾಡಿ: ನಿಮ್ಮೂರ ಗೋಮಾಳ ಎಲ್ಲಿದೆ? ಅದರ ಗಡಿ ಯಾರು ನೋಡ್ತಾರೆ?