ನಂಬರು ಪ್ಯಾಕಿನ ಮೇಲೇ ಇದೆ

ಸಿಗರೇಟು ಬಿಡುವ ಮನಸ್ಸಿದ್ದರೆ ಮೊದಲು ಜೇಬಿನಲ್ಲಿರುವ ಪ್ಯಾಕನ್ನೇ ತಿರುಗಿಸಿ ನೋಡಿ. ಆ ಭಯಂಕರ ಚಿತ್ರದ ಹತ್ತಿರ 1800-11-2356 ಎಂದಿದೆ. 2018ರಿಂದ ಅಚ್ಚಾಗುತ್ತಲೇ ಇದೆ. ಚಿತ್ರ ನೋಡಲಾರದೆ ಮುಖ ತಿರುಗಿಸುವವರಿಗೆ ನಂಬರೂ ಕಾಣುವುದಿಲ್ಲ, ಅಷ್ಟೇ.

ಇದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದರ ಒಂದು ಕೇಂದ್ರವಿರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ, ದಿನಕ್ಕೆ ಎಷ್ಟು ಎಂದೆಲ್ಲ ಕೇಳುತ್ತಾರೆ. ನಾಚಿಕೊಳ್ಳದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಿಡುವ ದಿನ ಗೊತ್ತು ಮಾಡಿಕೊಂಡರೆ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ.

ದೊಡ್ಡಬಳ್ಳಾಪುರದಲ್ಲಿ ರಾತ್ರಿ ಪಾಳಿಯ ಮಗ್ಗದವರಿಗೆ, ನೆಲಮಂಗಲದ ಲಾರಿ ಡ್ರೈವರುಗಳಿಗೆ ಕಷ್ಟ ಕೊಡುವುದು ಟೀ ಹೊತ್ತು. ಚಪಲ ಕೆಲವೇ ನಿಮಿಷದ್ದು. ಟೀ ಲೋಟ ಹಿಡಿದು ಅಂಗಡಿಯಿಂದ ಆಚೆ ನಡೆದುಬಿಡಿ. ಡಾಕ್ಟರು ನಿಕೋಟಿನ್ ಗಮ್ ಕೊಟ್ಟರೆ ಬಬಲ್‌ಗಮ್ಮಿನಂತೆ ಒಂದೇ ಸಮ ಜಗಿಯಬೇಡಿ. ನಿಧಾನ ಜಗಿದು, ಬಾಯಿ ಚುರುಗುಟ್ಟಿದೊಡನೆ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಿ. ಟೀ ಕುಡಿದ ಕೂಡಲೇ ಹಾಕಿಕೊಂಡರೆ ಅದು ಸರಿಯಾಗಿ ಹತ್ತುವುದಿಲ್ಲ. ಕಾಲು ಗಂಟೆ ತಡೆಯಿರಿ.

ಬಿಪಿ, ಶುಗರ್ ನೋಡುವ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲೂ ಕೇಳಿ. ಕ್ವಿಟ್‌ಲೈನ್ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ನಡುರಾತ್ರಿ ತಳಮಳವಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅದು ಇಪ್ಪತ್ತನಾಲ್ಕು ಗಂಟೆಯೂ ಸಿಗುತ್ತದೆ.