ಹೊಲದಿಂದ ಹಾರಿಹೋಗುವ ಗೊಬ್ಬರ



ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿಗಳ ಹೊಗೆಯನ್ನೂ ಕಾರ್ಖಾನೆಗಳ ಚಿಮಣಿಗಳನ್ನೂ ಕಂಡಾಗ "ಗಾಳಿ ಕೆಟ್ಟಿತು" ಎನ್ನುತ್ತೇವೆ. ಆ ಮಾತು ಸುಳ್ಳಲ್ಲ. ಆದರೆ ಕಣ್ಣಿಗೆ ಕಾಣದ ಅನಿಲಗಳು ನಮ್ಮ ಹೊಲದಿಂದಲೂ ತಿಪ್ಪೆಯಿಂದಲೂ ದಿನವೂ ಏಳುತ್ತಿವೆ. ಅವುಗಳ ಸಂಗಡ ನಾವು ರೊಕ್ಕ ಕೊಟ್ಟು ತಂದ ಗೊಬ್ಬರವೂ ಹಾರಿಹೋಗುತ್ತಿದೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗಾಳಿಯಲ್ಲಿ ಏನಿದೆ?

ನೂರು ಪಾಲು ಗಾಳಿಯಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಬಹುಭಾಗ ಆರ್ಗಾನ್. ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್, ಅಮೋನಿಯಾ ಇವು ತೀರ ಅಲ್ಪ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೀಥೇನ್ ಎರಡು ಪಾಲೂ ಇಲ್ಲ. ಆದರೂ ಅಲ್ಪವೆಂದು ಅಲಕ್ಷ್ಯ ಮಾಡುವಂತಿಲ್ಲ. ಒಂದು ಚಮಚ ಹೆಪ್ಪು ಕೊಡ ಹಾಲನ್ನು ಮೊಸರು ಮಾಡುವುದಿಲ್ಲವೇ?

ಈ ಅನಿಲಗಳು ಹೊಸತಲ್ಲ. ಜೌಗು ನೆಲ, ಗೆದ್ದಲು, ದನಗಳ ಹೊಟ್ಟೆ ಇವುಗಳಿಂದ ಮೀಥೇನ್ ಹಿಂದಿನಿಂದಲೂ ಬರುತ್ತಿದೆ. ಮಣ್ಣಿನ ಸೂಕ್ಷ್ಮ ಜೀವಿಗಳಿಂದ ನೈಟ್ರಸ್ ಆಕ್ಸೈಡ್ ಹುಟ್ಟುತ್ತದೆ. ಬಿಸಿಲು, ಓಝೋನ್, ನೀರಿನ ಆವಿ ಸೇರಿ ಗಾಳಿಯಲ್ಲಿ ಹೈಡ್ರಾಕ್ಸಿಲ್ ಎಂಬ ಚುರುಕಾದ ಕಣ ಉಂಟಾಗುತ್ತದೆ. ಅದೇ ಗಾಳಿಯ ಜಾಡಮಾಲಿ. ಮೀಥೇನನ್ನು ಹತ್ತು ವರ್ಷಗಳ ಆಸುಪಾಸಿನಲ್ಲಿ ಮುರಿದುಹಾಕುತ್ತದೆ. ನೈಟ್ರಸ್ ಆಕ್ಸೈಡ್ ಮಾತ್ರ ಅದಕ್ಕೆ ಬಗ್ಗುವುದಿಲ್ಲ. ಅದು ನೂರು ವರ್ಷ ಉಳಿದು, ಮೇಲಕ್ಕೇರಿ, ನಮ್ಮನ್ನು ಕಾಯುವ ಓಝೋನ್ ಪದರವನ್ನು ಸವೆಸುತ್ತದೆ. ಒಂದು ಕಿಲೋ ನೈಟ್ರಸ್ ಆಕ್ಸೈಡ್ ಸುಮಾರು 270 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ನಿಸರ್ಗದ ಲೆಕ್ಕಕ್ಕೆ ಮನುಷ್ಯನ ಪಾಲು ಸೇರಿ, 1750ರಿಂದ ಈಚೆಗೆ ಗಾಳಿಯ ಮೀಥೇನ್ ಎರಡೂವರೆ ಪಟ್ಟಿಗೂ ಮೀರಿದೆ.

ಯೂರಿಯಾ ಎಲ್ಲಿ ಹೋಯಿತು?

45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 20 ಕಿಲೋ 700 ಗ್ರಾಂ. ಯೂರಿಯಾ ಮಣ್ಣಿನ ತೇವ ತಾಗಿದ ಕೆಲವೇ ದಿನಗಳಲ್ಲಿ ಅಮೋನಿಯಾ ಆಗುತ್ತದೆ. ನಮ್ಮ ಎರೆಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಇಂಥ ನೆಲದ ಮೇಲೆಯೇ ಗೊಬ್ಬರ ಬಿದ್ದಿದ್ದು ಬಿಸಿಲು ಗಾಳಿ ಜೋರಾಗಿದ್ದರೆ, ಸಾರಜನಕದ ಕಾಲುಭಾಗ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು, ಹಾರಿಹೋಗಬಲ್ಲದು. ಅಂದರೆ ಚೀಲಕ್ಕೆ ಐದು ಕಿಲೋ! ಹಾರಿದ ಅಮೋನಿಯಾ ಲಾರಿ, ಚಿಮಣಿಗಳ ಆಮ್ಲದೊಡನೆ ಕೂಡಿ ಸಣ್ಣ ಧೂಳಾಗಿ, ನಮ್ಮ ಮಕ್ಕಳ ಶ್ವಾಸಕೋಶಕ್ಕೇ ತಿರುಗಿ ಬರುತ್ತದೆ.

ಬೇವು ಲೇಪಿಸಿದ ಯೂರಿಯಾಕ್ಕೆ ಈ ಭಯವಿಲ್ಲವೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಬೇವು ಮುಂದಿನ ಹಂತವನ್ನು, ಅಂದರೆ ಅಮೋನಿಯಾ ನೈಟ್ರೇಟ್ ಆಗುವುದನ್ನು, ನಿಧಾನಿಸುತ್ತದೆ. ಮೇಲೆ ಚೆಲ್ಲಿದ್ದು ಹಾರದಂತೆ ಅದು ತಡೆಯಲಾರದು.

ಡಿಪ್ಲೊಮಾ ಓದಿದ ನಾನೇ ಈ ತಪ್ಪು ಮಾಡಿದವನು. ನಮ್ಮ ಮನೆಯ ಕಬ್ಬಿಗೆ ಯೂರಿಯಾ ಚೆಲ್ಲಿದ ದಿನ ಕರೆಂಟು ಹೋಯಿತು. ನೀರು ಹಾಯಿಸಿದ್ದು ಐದನೆಯ ದಿನ. ಬೆಳಗಿನ ಮಂಜಿಗೇ ಗೊಬ್ಬರ ಕರಗಿ ಹಾರಿತ್ತು. ಆ ಪಟ್ಟಿಯ ಕಬ್ಬು ಕೊನೆಯವರೆಗೂ ಹಳದಿಯಾಗಿಯೇ ನಿಂತಿತು. ತಂದೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ನೀವೇ ಪರೀಕ್ಷಿಸಿರಿ

ತುಸು ತೇವದ ಎರೆಮಣ್ಣನ್ನು ಎರಡು ತಟ್ಟೆಗಳಲ್ಲಿ ಹಾಕಿರಿ. ಒಂದರ ಮೇಲೆ ಒಂದು ಚಿಟಿಕೆ ಯೂರಿಯಾ ಉದುರಿಸಿರಿ. ಇನ್ನೊಂದರಲ್ಲಿ ಅಷ್ಟನ್ನೇ ಎರಡಂಗುಲ ಆಳದಲ್ಲಿ ಹೂಳಿರಿ. ಎರಡರ ಮೇಲೂ ಗಾಜಿನ ಲೋಟ ಬೋರಲು ಹಾಕಿ, ಮೂರು ದಿನ ಬಿಟ್ಟು ಎತ್ತಿ ವಾಸನೆ ನೋಡಿರಿ. ಮೂಗೇ ತೀರ್ಪು ಹೇಳುತ್ತದೆ.

ಮಾಡತಕ್ಕ ಕೆಲಸಗಳು

1. ಯೂರಿಯಾವನ್ನು ಸಾಲಿನ ಪಕ್ಕದಲ್ಲಿ ಎರಡಂಗುಲ ಆಳಕ್ಕೆ ಹಾಕಿ ಮಣ್ಣು ಮುಚ್ಚಿರಿ. ಮೇಲೆ ಹಾಕಲೇಬೇಕಾದರೆ ಅಂದೇ ನೀರು ಹಾಯಿಸಿರಿ. ನೀರಿನ ಭರವಸೆ ಇಲ್ಲದ ದಿನ ಚೀಲ ಬಿಚ್ಚಬೇಡಿರಿ.

2. ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡಿರಿ. ಹೊಲದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಿರಿ. ನೀರು ನಿಂತ ಮಣ್ಣಿನಲ್ಲಿ ನೈಟ್ರೇಟು ನೈಟ್ರಸ್ ಆಕ್ಸೈಡಾಗಿ ಹಾರುತ್ತದೆ.

3. ತೊಗರಿ, ಸೋಯಾ, ಉದ್ದು, ಹೆಸರು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನೇ ಹಿಡಿಯುತ್ತವೆ. ಬೀಜಕ್ಕೆ ರೈಜೋಬಿಯಂ ಹಚ್ಚಿ ಬಿತ್ತಿರಿ. ಇವುಗಳಿಗೆ ಯೂರಿಯಾ ಹೆಚ್ಚಾದರೆ ಗಂಟುಗಳು ಸೋಮಾರಿಯಾಗುತ್ತವೆ.

4. ಕಬ್ಬಿನ ರವದಿಗೆ ಬೆಂಕಿ ಇಡಬಾರದು. ಸುಟ್ಟರೆ ಅದರ ಸಾರಜನಕ ಬಹುಪಾಲು ಹೊಗೆಯಾಗುತ್ತದೆ. ಸಾಲಿನಲ್ಲಿ ಹರಡಿದರೆ ತೇವ ಉಳಿಯುತ್ತದೆ, ಮುಂದೆ ಗೊಬ್ಬರವಾಗುತ್ತದೆ.

5. ತಿಪ್ಪೆಯನ್ನು ಬಿಸಿಲಿಗೆ ಬಿಡದೆ, ನೆರಳಿನ ಗುಂಡಿಯಲ್ಲಿ ತುಂಬಿ ಮೇಲೆ ಮಣ್ಣು ಹಾಕಿರಿ. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಇನ್ನೂ ಉತ್ತಮ. ದಿನಕ್ಕೆ 50 ಕಿಲೋ ಸಗಣಿಯಿಂದ ಎರಡು ಘನಮೀಟರಿನಷ್ಟು ಅನಿಲ ಸಿಗುತ್ತದೆ. ಗಾಳಿಗೆ ಸೇರುತ್ತಿದ್ದ ಮೀಥೇನ್ ಒಲೆಯಲ್ಲಿ ಉರಿಯುತ್ತದೆ, ಉಳಿದ ರಾಡಿ ಹೊಲಕ್ಕೆ ಹೋಗುತ್ತದೆ.

ಚಿಮಣಿಯ ಲೆಕ್ಕವನ್ನು ಕಾರ್ಖಾನೆಯವರಿಂದ ಕೇಳುವ ಹಕ್ಕು ನಮಗಿದೆ. ಅದನ್ನು ಕೇಳೋಣ. ಆದರೆ ನಮ್ಮ ಹೊಲದ ಕೀಲಿಕೈ ನಮ್ಮ ಕೈಯಲ್ಲೇ ಇದೆ. ಈ ಹಂಗಾಮಿನಲ್ಲಿ ಒಂದೇ ಪಟ್ಟಿಗೆ ಯೂರಿಯಾ ಹೂಳಿ ಹಾಕಿರಿ, ಪಕ್ಕದ ಪಟ್ಟಿಗೆ ಎಂದಿನಂತೆ ಚೆಲ್ಲಿರಿ. ಎರಡನ್ನೂ ಹೋಲಿಸಿ, ರಾಶಿಯ ದಿನ ನೆರೆಯವರನ್ನು ಕರೆದು ತೋರಿಸಿರಿ.