ಕದಡಿದ ನೀರಿಗೆ ನುಗ್ಗೆಬೀಜ

ದಂಪತಿಗಳೇ, ಮಳೆಗಾಲದ ಕೆರೆನೀರಿನಲ್ಲಿರುವ ಅತಿಸಣ್ಣ ಮಣ್ಣಿನ ಕಣಗಳು ಬಹಳ ಹೊತ್ತಾದರೂ ತಳಕ್ಕೆ ಇಳಿಯುವುದಿಲ್ಲ. ಬಲಿತು ಒಣಗಿದ ನುಗ್ಗೆಬೀಜದ ಸತ್ತ್ವವು ಅವುಗಳನ್ನು ಒಂದುಗೂಡಿಸಿ ಭಾರವಾಗಿಸುತ್ತದೆ.

ನೀರು ಬಹಳ ಕದಡಿದ್ದರೆ ಲೀಟರಿಗೆ 1 ಬೀಜದಂತೆ ತೆಗೆದುಕೊಂಡು, ಸಿಪ್ಪೆ ಸುಲಿದು, ನುಣ್ಣಗೆ ಅರೆಯಿರಿ. ಸ್ವಲ್ಪ ಶುದ್ಧ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆ ರಸವನ್ನು ಪಾತ್ರೆಯ ನೀರಿಗೆ ಹಾಕಿರಿ. 1 ನಿಮಿಷ ವೇಗವಾಗಿ, ಅನಂತರ 5 ನಿಮಿಷ ನಿಧಾನವಾಗಿ ತಿರುವಿರಿ. ವೇಗವಾಗಿಯೇ ತಿರುವುತ್ತಿದ್ದರೆ ಕೂಡಿದ ಕಣಗಳು ಮತ್ತೆ ಒಡೆಯುತ್ತವೆ. ಮುಚ್ಚಿ, ಅಲುಗಿಸದೆ 2 ಗಂಟೆ ಬಿಡಿರಿ. ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿ ಸೋಸಿರಿ.

ತಿಳಿಯಾದ ನೀರೆಲ್ಲ ಶುದ್ಧವಲ್ಲ. ವಾಂತಿಭೇದಿಯ ರೋಗಾಣುಗಳು ಅದರಲ್ಲಿ ಉಳಿದಿರಬಹುದು. ಆದುದರಿಂದ ಚೆನ್ನಾಗಿ ಕುದಿಸಿ, ಆರಿಸಿ, ಅದೇ ದಿನ ಬಳಸಿರಿ. ನಿಮ್ಮ ಮಗು ಕುಡಿಯುವ ಪ್ರತಿ ಗುಟುಕೂ ಕುದಿಸಿದ ನೀರಾಗಿರಲಿ.